ದಂಡದ ಲೆಕ್ಕ ಮೊದಲು, ಕೆಲಸದ ಪಟ್ಟಿ ಆಮೇಲೆ

ಅಂಗಡಿಗಳ ಲೆಕ್ಕ ಬರೆಯುವವರಿಗೆ ತಿಂಗಳ 7, 11, 15, 20 ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ: ಒಂದೊಂದೂ ಹಣ ಕಟ್ಟಲು, ಇಲ್ಲವೇ ರಿಟರ್ನ್ (ತೆರಿಗೆ ಇಲಾಖೆಗೆ ಕೊಡುವ ಲೆಕ್ಕ) ಸಲ್ಲಿಸಲು ಕೊನೆಯ ದಿನ. ಈ ತಾರೀಖುಗಳ ನಡುವೆ ದಿನದ ಕೆಲಸವನ್ನು ಯಾವ ಸರದಿಯಲ್ಲಿ ಇಡಬೇಕು ಅನ್ನೋದಕ್ಕೆ ಒಂದು ವಹಿ ಇಟ್ಟು ನಾನು ಮಾಡಿಕೊಂಡ ಪದ್ಧತಿಗೆ ಎರಡು ವರ್ಷದ ಮೇಲಾಯಿತು, ಇನ್ನೂ ಕೈಕೊಟ್ಟಿಲ್ಲ. ಹುಬ್ಬಳ್ಳಿಯ ಇದೇ ಧಂದೆಯ ಗೆಳೆಯರು ಆಗ "ವಹಿಯಾಗ ಬರದ್ರ ರಿಟರ್ನ್ ತಾನ ಹೋಗ್ತಾವೇನ್ರಿ?" ಅಂತ ನಕ್ಕಿದ್ದರು. ಈಗ 20ನೇ ತಾರೀಖು ಸಂಜೆ ಏಳಕ್ಕೆ ನನ್ನ ಶಟರ್ ಇಳಿದಿರುತ್ತದೆ. ಅವರಲ್ಲಿ ಲೈಟು ಇನ್ನೂ ಉರಿಯುತ್ತಿರುತ್ತದೆ.

ಮೊದಲು ಮಾಡಿ ಬಿಟ್ಟವು ಬಹಳ. ವರ್ಷಕ್ಕೆ ಸಾವಿರದ ಎಂಟುನೂರರ ಹತ್ತಿರ ಕೊಟ್ಟ ಮೊಬೈಲ್ ಆ್ಯಪ್ ದಿನಕ್ಕೆ ಮೂವತ್ತು ಸಲ ಗಂಟೆ ಹೊಡೆಯುತ್ತಿತ್ತು. ಎರಡನೇ ವಾರಕ್ಕೆ ಬೆರಳು ತಾನೇ ಅದನ್ನು ಸರಿಸಲು ಕಲಿತಿತ್ತು. ಅರ್ಜೆಂಟ್, ಮುಖ್ಯ ಅಂತ ನಾಲ್ಕು ಚೌಕ ಹಾಕೋ ಪದ್ಧತಿ ನಮ್ಮ ಕೆಲಸಕ್ಕೆ ಆಗೋದಿಲ್ಲ. 10ರಿಂದ 20ರ ತನಕ ಎಲ್ಲವೂ ಒಂದೇ ಚೌಕದಲ್ಲಿ ಬಂದು ಕೂರುತ್ತವೆ. ಅರ್ಧ ಗಂಟೆಗೊಂದು ಕೆಲಸದ ಟೈಮ್‌ಟೇಬಲ್ ಮೊದಲ ಗಿರಾಕಿ ಬಿಲ್ಲಿನ ಚೀಲ ತಂದು ಸುರಿಯುವ ತನಕ ಮಾತ್ರ.

ನಿಂತದ್ದು 200 ಪುಟದ ಲಾಂಗ್ ಬುಕ್, ಅರವತ್ತೋ ಎಪ್ಪತ್ತೋ ರೂಪಾಯಿ. ನಾಲ್ಕು ಕಾಲಂ: ಕೆಲಸ, ತಡವಾದರೆ ದಿನಕ್ಕೆ ಎಷ್ಟು ರೂಪಾಯಿ, ಈಗ ಯಾರ ಕೈಯಲ್ಲಿದೆ, ಎಷ್ಟು ನಿಮಿಷ. ಬರೆಯೋದು ರಾತ್ರಿ, ಆಫೀಸು ಮುಚ್ಚುವ ಮುಂಚೆ ಹತ್ತು ನಿಮಿಷ. ಬೆಳಿಗ್ಗೆ ಬರೆದರೆ ಸರದಿ ಹಾಕೋದು ನಾವಲ್ಲ, ವಾಟ್ಸಾಪ್.

ಎರಡನೇ ಕಾಲಂ ಇಡೀ ಪದ್ಧತಿಯ ಬೆನ್ನು: ಅಲ್ಲಿ ಯಾವುದಕ್ಕೆ ಹೆಚ್ಚು ರೂಪಾಯಿಯೋ ಆ ಕೆಲಸ ಮೊದಲು. ವ್ಯವಹಾರವೇ ಇಲ್ಲದ ತಿಂಗಳ 3ಬಿ (ತೆರಿಗೆ ಕಟ್ಟುವ ಜಿಎಸ್‌ಟಿ ರಿಟರ್ನ್) ತಡವಾದರೆ ದಿನಕ್ಕೆ 20, ಅದೂ 500ಕ್ಕೆ ನಿಲ್ಲುತ್ತದೆ. 80 ಸಾವಿರ ತೆರಿಗೆ ಕಟ್ಟಬೇಕಾದ 3ಬಿಗೆ ದಿನಕ್ಕೆ 50 ದಂಡ, ವರ್ಷಕ್ಕೆ ಶೇ. 18ರ ಬಡ್ಡಿ ಸುಮಾರು 39, ಕೂಡಿ 89. ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡಿದ ತೆರಿಗೆ) ರಿಟರ್ನ್ ತಡವಾದರೆ ದಿನಕ್ಕೆ 200. ಟಿಡಿಎಸ್ ಹಣ 7ರ ಬದಲು 8ಕ್ಕೆ ಕಟ್ಟಿದರಂತೂ ಕಡಿತ ಮಾಡಿದ ತಿಂಗಳೂ ಸೇರಿ ಎರಡು ತಿಂಗಳ ಬಡ್ಡಿ: 40 ಸಾವಿರಕ್ಕೆ 1,200, ಒಂದೇ ದಿನದ ತಡಕ್ಕೆ. ದಿನಕ್ಕೆ ಆರು ಸಲ ಫೋನ್ ಮಾಡಿ "ನಂದು ಆತೇನ್ರಿ?" ಅನ್ನುವವನ ಕೆಲಸ ಬಹುತೇಕ 20 ರೂಪಾಯಿಯದು. ಟಿಡಿಎಸ್‌ನವ ಸುಮ್ಮನಿರುತ್ತಾನೆ, ನೋಟಿಸ್ ಬಂದ ದಿನ ಮಾತ್ರ ಮಾತಾಡುತ್ತಾನೆ. ಗದ್ದಲ ಕೇಳಿ ಸರದಿ ಹಾಕುತ್ತಿದ್ದ ಕಾಲದಲ್ಲಿ ವರ್ಷಕ್ಕೆ ಹದಿನಾಲ್ಕು ಹದಿನೈದು ಸಾವಿರ ದಂಡ ಆಫೀಸಿನ ಮೈಮೇಲೆ ಬರುತ್ತಿತ್ತು. ಹೋದ ವರ್ಷ ಐದುನೂರೂ ಮುಟ್ಟಲಿಲ್ಲ.

ದಂಡದಲ್ಲಿ ಕಾಣದ ನಷ್ಟವನ್ನೂ ಬರೆಯಬೇಕು. ಮಾರಾಟದ ರಿಟರ್ನ್ 11ಕ್ಕೆ ಹೋಗದಿದ್ದರೆ 14ರ 2ಬಿಯಲ್ಲಿ (ಕೊಂಡವನಿಗೆ ಸಿಗುವ ತೆರಿಗೆ ಜಮೆಯ ಪಟ್ಟಿ) ಆ ಬಿಲ್ಲು ಬರೋದಿಲ್ಲ, ಕೊಂಡವ ಬಿಲ್ಲಿನ ಹಣ ತಡೆಹಿಡಿಯುತ್ತಾನೆ. ಅಂಥದಕ್ಕೆ ನಾನು ಕಣ್ಣಂದಾಜಿನಲ್ಲಿ 500 ಅಂತ ಹಾಕುತ್ತೇನೆ.

ಮೂರನೇ ಕಾಲಂ ಎಷ್ಟೋ ಜನ ಬಿಟ್ಟುಬಿಡುತ್ತಾರೆ, ದಿನ ಕೆಡೋದು ಅಲ್ಲೇ. ರಿಟರ್ನ್ ತಯಾರಾಗಿದ್ದರೂ ಒಟಿಪಿ ಮಾಲೀಕರ ಮೊಬೈಲಿಗೆ ಹೋಗುತ್ತದೆ, ಹತ್ತು ನಿಮಿಷದ ಆಯುಷ್ಯ. ಅಮರಗೋಳದ ಎಪಿಎಂಸಿ ದಲಾಲರು ಟೆಂಡರ್ ಹೊತ್ತಿನಲ್ಲಿ ಫೋನ್ ಎತ್ತೋದಿಲ್ಲ, ದಾಜಿಬಾನ ಪೇಟೆಯವರು ಸಂಜೆ ಗಿರಾಕಿ ಬಿಟ್ಟು ಏಳೋದಿಲ್ಲ. ಹಾಗಾಗಿ ಬೇರೆಯವರ ಕೈಯಲ್ಲಿರುವ ಕೆಲಸಕ್ಕೆ ಬೆಳಿಗ್ಗೆ ಹತ್ತರೊಳಗೆ ಒಂದು ದೂಡು ಕೊಟ್ಟು, ಆಮೇಲೆ ನನ್ನ ಕೈಯಲ್ಲಿರುವುದಕ್ಕೆ ಕೂರುತ್ತೇನೆ. ಒಂದೇ ಸಲ ಕೂತು ಹತ್ತು ಹನ್ನೆರಡು ಒಟಿಪಿ ಮುಗಿಸಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ, ಅದು ನಮ್ಮ ಅನ್ನ.

ನಿಮಿಷದ ಕಾಲಂನಲ್ಲಿ ತೋಚಿದ್ದಕ್ಕೆ ಒಂದೂವರೆ ಪಟ್ಟು ಬರೆಯಿರಿ. ಎಂಟು ತಾಸಿನ ದಿನಕ್ಕೆ ಐದು ತಾಸಿಗಿಂತ ಹೆಚ್ಚು ತುಂಬಬೇಡಿ, ಅವತ್ತು ಮುಗಿಯಲೇಬೇಕು ಅನ್ನುವ ಕೆಂಪು ಪೆನ್ನಿನ ಗುರುತು ಮೂರು ಕೆಲಸಕ್ಕೇ ಸಾಕು. ಮೂರು ರಾತ್ರಿ ಮುಂದಕ್ಕೆ ಸರಿದ ಕೆಲಸಕ್ಕೆ ನಾಲ್ಕನೇ ಪುಟದಲ್ಲಿ ಜಾಗ ಇಲ್ಲ: ತುಂಡು ಮಾಡಬೇಕು, ಹುಡುಗನಿಗೆ ಕೊಡಬೇಕು, ಇಲ್ಲ ಗಿರಾಕಿಗೆ ಆಗೋದಿಲ್ಲ ಅಂತ ಹೇಳಬೇಕು. ಸರಿಯೋ ಕೆಲಸಗಳಲ್ಲಿ ಮುಕ್ಕಾಲು ಪಾಲು "ಸ್ಟಾಕ್ ಹೊಂದಿಸುವುದು" ಥರ ತಲೆಬಾಲ ಇಲ್ಲದ ಸಾಲುಗಳು. "ಏಪ್ರಿಲ್ ಖರೀದಿ ಬಿಲ್ಲು ಟ್ಯಾಲಿಗೆ" (ಲೆಕ್ಕದ ಸಾಫ್ಟ್‌ವೇರ್‌ಗೆ) ಅಂತ ಬರೆದರೆ ಅದೇ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ.

ಸ್ವಂತದ ಗುರಿಗಳಿಗೆ ಈ ಲೆಕ್ಕ ಹತ್ತೋದಿಲ್ಲ. ವಾಕಿಂಗ್ ತಪ್ಪಿದರೆ, ಎಕ್ಸೆಲ್‌ನ ಹೊಸ ಪಾಠ ಉಳಿದರೆ ಯಾರೂ ದಂಡ ಹಾಕೋದಿಲ್ಲ, ಅವು ಸದಾ ಪಟ್ಟಿಯ ತಳದಲ್ಲಿ. ತಪ್ಪಿದ ದಿನಕ್ಕೆ 50 ರೂಪಾಯಿ ಡಬ್ಬಿಗೆ ಹಾಕೋ ಪ್ರಯೋಗವೂ ಆಯಿತು. ತಿಂಗಳ ಕೊನೆಗೆ ಆ ಡಬ್ಬಿಯಿಂದಲೇ ಗಿರ್ಮಿಟ್ ಮಿರ್ಚಿ ತರಿಸಿದ ಮೇಲೆ ದಂಡಕ್ಕೆ ಬೆಲೆ ಉಳಿಯಲಿಲ್ಲ. ಈಗ ಅವಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ, ಬೆಳಿಗ್ಗೆ ಆರೂಕಾಲರಿಂದ ಏಳೂಕಾಲು ಅವಕ್ಕೇ, ಮೊಬೈಲ್ ಡಾಟಾ ಬಂದ್. ನಳ ಬರುವ ದಿನ ಮಾತ್ರ ರಜೆ. ನಮ್ಮ ಓಣಿಯಲ್ಲಿ ಅವತ್ತು ಪೈಪು ಹಿಡಿಯೋದೇ ಮೊದಲ ಕೆಲಸ, ಟಾಕಿ ತುಂಬದಿದ್ದರೆ ಟ್ಯಾಂಕರ್ ಖರ್ಚು ನನ್ನ ವಹಿಯ ಯಾವ 3ಬಿಯ ದಿನದ ದಂಡಕ್ಕಿಂತಲೂ ಜಾಸ್ತಿ.

ಮಾರ್ಚ್ ಕೊನೆಯ ವಾರಕ್ಕೆ ಬೇರೆ ವಹಿ ಇಡಿ. ಅದನ್ನು ಇದರಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.