ಈಳಿಗೆ, ಕುಡುಗೋಲಿಗೆ ಯಾವ ಮಸೆಗಲ್ಲು?

ಅಂಗಡಿಗೆ ಹೋಗಿ ಚಾಕು ಮಸೆಯೋ ಕಲ್ಲು ಕೊಡಿ ಅಂದರೆ ಸಾಮಾನ್ಯವಾಗಿ ಸಿಗುವುದು 6 ಇಂಚು ಉದ್ದ, 2 ಇಂಚು ಅಗಲ, 1 ಇಂಚು ದಪ್ಪದ ಕಾರ್ಬೊರಂಡಂ ಕಲ್ಲು. ಒಂದು ಮೈ ತರಿ, ಇನ್ನೊಂದು ನಯ. ತರಕಾರಿ ಹೆಚ್ಚುವ ಚಾಕುವಿಗೆ ಅದಕ್ಕಿಂತ ಒಳ್ಳೆಯದು ಬೇಡವೇ ಬೇಡ. ಆದರೆ ಅದನ್ನೇ ಈಳಿಗೆ ಮಣೆಗೂ ಕುಡುಗೋಲಿಗೂ ಉಜ್ಜಿ, ಎಷ್ಟು ಮಸೆದರೂ ಮೊಂಡೇ ಅಂತ ಗೊಣಗುವವರು ತುಂಬ ಜನ.

ಮೊದಲು ಬಾಗು ಯಾವ ಕಡೆಗಿದೆ ನೋಡಿ. ಚಾಕುವಿನ ಹೊಟ್ಟೆ ಹೊರಗೆ ಉಬ್ಬಿರುತ್ತದೆ, ಅಗಲದ ಕಲ್ಲಿನ ಮೇಲೆ ಕೈ ತಿರುಗಿಸುತ್ತಾ ಎಳೆದರೆ ಬಾಯಿ ಪೂರ್ತಿ ಕಲ್ಲಿಗೆ ತಾಗುತ್ತದೆ. ಈಳಿಗೆ, ಕುಡುಗೋಲು, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕಾಯಿ ಕೀಳುವ ದೋಟಿಯ ತುದಿಯ ಕತ್ತಿ, ಇವುಗಳ ಬಾಯಿ ಒಳಗೆ ಬಾಗಿರುತ್ತದೆ. ಅಲ್ಲಿ ಅಗಲದ ಕಲ್ಲಿಟ್ಟರೆ ಅದರ ಎರಡು ಮೂಲೆ ಮಾತ್ರ ತಾಗುತ್ತವೆ, ನಡುವೆ ಸಂದಿ. ಲೆಕ್ಕ ಹಾಕಿ ಹೇಳುವುದಾದರೆ, 20 ಸೆಂಟಿಮೀಟರ್ ತಟ್ಟೆಯ ಅಂಚಿನಷ್ಟು ಬಾಗಿರುವ ಅಲಗಿಗೆ 2 ಇಂಚಿನ ಕಲ್ಲು ಇಟ್ಟರೆ ನಡುವಿನ ಸಂದಿ ಸುಮಾರು 3 ಮಿಲಿಮೀಟರ್. ಅದೇ ಕಲ್ಲನ್ನು ಮಗ್ಗುಲಿಗೆ ತಿರುಗಿಸಿ 1 ಇಂಚಿನ ಬದಿ ಇಟ್ಟರೆ 1 ಮಿಲಿಮೀಟರಿಗೂ ಕಡಿಮೆ. ಒಂದೂವರೆ ಸೆಂಟಿಮೀಟರ್ ಅಗಲದ ಕಲ್ಲಾದರೆ ಸಂದಿ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಹೊಸ ಕಲ್ಲು ತರುವ ಮುಂಚೆ ಮನೆಯಲ್ಲಿರುವುದರ ಬದಿಯಿಂದಲೇ ಒಮ್ಮೆ ಮಸೆದು ನೋಡಿ, ಎಷ್ಟೋ ಮನೆಗೆ ಅಷ್ಟೇ ಸಾಕು.

ತರಲೇಬೇಕಾದರೆ ಅಲಗನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಬಾಗು ಬರೆದುಕೊಂಡು ಕತ್ತರಿಸಿಕೊಳ್ಳಿ. ಕುಡುಗೋಲು ಹಿಡಿದು ಬಸ್ಸು ಹತ್ತೋಕಾಗಲ್ಲ ಅಲ್ವಾ! ಅಂಗಡಿಯಲ್ಲಿ ಆ ರಟ್ಟಿನ ಬಾಗಿಗೆ ಕಲ್ಲು ಹಿಡಿದು ನೋಡಿ. ಅಂಚು ದುಂಡಗಿರುವ ಕಲ್ಲು, ಅಥವಾ ನಡುವೆ ದಪ್ಪಗಿದ್ದು ಎರಡೂ ತುದಿ ಸಣ್ಣಗಾದ ದೋಣಿಯಾಕಾರದ ಕಲ್ಲು ಒಳ್ಳೆಯದು. ಯುರೋಪಿನ ರೈತರು ಹುಲ್ಲು ಕೊಯ್ಯುವ ಉದ್ದ ಹಿಡಿಯ ಕತ್ತಿಗೆ ಇಂಥದ್ದನ್ನೇ ಬಳಸುತ್ತಿದ್ದರು, ದನದ ಕೊಂಬಿನಲ್ಲಿ ನೀರು ತುಂಬಿ ಅದರೊಳಗೆ ಕಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದರಂತೆ. ಹಾಗಂತ ಪೆನ್ಸಿಲಿನಷ್ಟು ಸಪೂರದ ಕಲ್ಲು ತರಬೇಡಿ. ಅದು ಒಂದೇ ಜಾಗ ತಿಂದು ಬಾಯಿಯಲ್ಲಿ ಅಲೆ ಅಲೆ ಮಾಡುತ್ತದೆ. ಕಲ್ಲಿನ ದುಂಡು ಅಲಗಿನ ಬಾಗಿಗಿಂತ ಸ್ವಲ್ಪ ಬಿಗಿ ಇದ್ದರೆ ಸಾಕು.

ತರಿ ಎಷ್ಟಿರಬೇಕು ಅಂದರೆ, ಕುಡುಗೋಲಿಗೆ 120ರಿಂದ 240 ನಂಬರಿನದು (ನಂಬರು ಹೆಚ್ಚಿದಷ್ಟೂ ಕಲ್ಲು ನಯ). ಈಳಿಗೆಗೆ 240, ಆಮೇಲೆ 400. ಅದಕ್ಕಿಂತ ನಯದ್ದು ಸುಮ್ನೆ ದುಡ್ಡು ದಂಡ, ಬದನೆಕಾಯಿ ಹೆಚ್ಚುವ ಈಳಿಗೆಗೆ ಕನ್ನಡಿ ಹೊಳಪು ಯಾಕೆ? ಕಲ್ಲೇ ಸಿಗದಿದ್ದರೆ ಪೇಂಟ್ ಅಂಗಡಿಯಲ್ಲಿ 220 ಮತ್ತು 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ತಂದು, ಹಳೆಯ ಪೊರಕೆ ಕೋಲಿಗೆ ಬಿಗಿಯಾಗಿ ಸುತ್ತಿ ಉಜ್ಜಿ. ಬೇಗ ಸವೆಯುತ್ತದೆ, ಆದರೆ ಕೆಲಸ ಮಾತ್ರ ಚೊಕ್ಕ.

ಮಸೆಯುವಾಗ ಅಲಗು ಅಲ್ಲಾಡಬಾರದು, ಕಲ್ಲೇ ಓಡಾಡಬೇಕು. ಮಣೆಯನ್ನು ಗಟ್ಟಿ ನೆಲದ ಮೇಲಿಟ್ಟು ಕಾಲಿನಲ್ಲಿ ಒತ್ತಿ ಹಿಡಿಯಿರಿ. ಕಲ್ಲಿನ ಒಂದು ತುದಿ ಮಾತ್ರ ಹಿಡಿಯಿರಿ, ಬೆರಳು ಬಾಯಿಯ ಕಡೆ ಚಾಚಿರಬಾರದು. ಬುಡದಿಂದ ತುದಿಯವರೆಗೆ ಬಾಗಿನ ಜೊತೆಗೇ ಜಾರಿಸಿಕೊಂಡು ಹೋಗಿ, ಒಂದೇ ಕಡೆ ನಿಂತು ತಿಕ್ಕಬೇಡಿ. ಇಳಿಜಾರು, ಅಂದರೆ ಬಾಯಿಯ ಪಕ್ಕ ಓರೆಯಾಗಿ ಸವೆಸಿದ ಪಟ್ಟಿ, ಯಾವ ಮೈಯಲ್ಲಿದೆಯೋ ಆ ಮೈಗೆ ಅದೇ ಓರೆಯಲ್ಲಿ ಕಲ್ಲು ಹಿಡಿಯಬೇಕು. ಗೊತ್ತಾಗದಿದ್ದರೆ ಇಳಿಜಾರಿಗೆ ಸ್ಕೆಚ್ ಪೆನ್ ಬಳಿದು ನಾಲ್ಕು ಸಲ ಎಳೆಯಿರಿ. ಬಣ್ಣ ಬಾಯಿಯ ಹತ್ತಿರ ಉಳಿದಿದ್ದರೆ ಕಲ್ಲನ್ನು ಇನ್ನೂ ಸ್ವಲ್ಪ ಎತ್ತಿ, ಮೇಲುಗಡೆ ಉಳಿದಿದ್ದರೆ ಸ್ವಲ್ಪ ಇಳಿಸಿ. ಅಲಗಿನ ಆ ಕಡೆಯ ಮೈಯಲ್ಲಿ, ಬಾಯಿಯಂಚಿನಲ್ಲಿ ಮಡಚಿಕೊಂಡ ಕಬ್ಬಿಣದ ಸಣ್ಣ ತರಿ ಬೆರಳಿಗೆ ತಗುಲಿದರೆ ಈ ಕಡೆಯದು ಮುಗಿದಂತೆ. ತಿರುಗಿಸಿ ಹಗುರವಾಗಿ ಎರಡು ಸಲ ಎಳೆದು ಆ ತರಿ ತೆಗೆಯಿರಿ.

ಕಲ್ಲಿಗೆ ನೀರೇ ಸಾಕು. ಒಮ್ಮೆ ಎಣ್ಣೆ ಹಾಕಿದ ಕಲ್ಲಿಗೆ ಆಮೇಲೆ ನೀರು ಹಿಡಿಯುವುದಿಲ್ಲ, ಕೊಬ್ಬರಿ ಎಣ್ಣೆಯಂತೂ ಅಂಟಾಗಿ ಕಲ್ಲಿನ ಕಣ್ಣೆಲ್ಲ ಮುಚ್ಚುತ್ತದೆ. ಮಷಿನ್ನಿನಲ್ಲಿ ಸಾಣೆ ಹಿಡಿಸುವುದಾದರೆ ಪಕ್ಕದಲ್ಲಿ ನಿಂತು ನೋಡಿ. ಕಬ್ಬಿಣ ಕಾದು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅಲ್ಲಿ ಹದ ಹೋಯಿತು, ಆ ಜಾಗ ಬೇಗ ಬೇಗ ಮೊಂಡಾಗುತ್ತಲೇ ಇರುತ್ತದೆ.

ಹಲ್ಲಿರುವ ಕುಡುಗೋಲಿಗೆ ಈ ಯಾವುದೂ ನಡೆಯುವುದಿಲ್ಲ, ಹಲ್ಲಿನ ಮೇಲೆ ಕಲ್ಲು ಎಳೆದರೆ ಹಲ್ಲೇ ಮಾಯ. ಹಲ್ಲು ಕೊರೆಯದ ಚಪ್ಪಟೆ ಮೈಗೆ ಮಾತ್ರ ನಯದ ಕಲ್ಲು ಆಡಿಸಿ. ಹಲ್ಲು ಸವೆದೇ ಹೋಗಿದ್ದರೆ ಮೂರು ಮೂಲೆಯ ಸಣ್ಣ ಅರದಿಂದ ಒಂದೊಂದೇ ಸಂದಿ ತಿದ್ದಬಹುದು. ಆದರೆ ಅಷ್ಟು ತಾಳ್ಮೆ ಇರುವವರು ಕಡಿಮೆ, ಹೊಸದೊಂದು ತಂದುಬಿಡಿ.

ಇನ್ನು, ಕಲ್ಲು ಕೈಜಾರಿ ಬಿದ್ದು ಒಡೆದರೆ ಎಸೆಯಬೇಡಿ. ಉದ್ದನೆಯ ಚೂರು ಸಿಕ್ಕಿದರೆ ಅದರ ಅಂಚನ್ನು ಸಿಮೆಂಟು ಮೆಟ್ಟಿಲಿನ ಮೇಲೆ ನೀರು ಹಾಕಿ ತಿಕ್ಕಿ ದುಂಡಗೆ ಮಾಡಿಕೊಳ್ಳಿ, ಈಳಿಗೆಗೆ ಅದೇ ಆಗುತ್ತದೆ.