33 ಗೋಲು ಹೊಡೆದವನು ಬೆಂಚಿನಲ್ಲಿ ಯಾಕೆ? ಲಾಗೋಸ್‌ನಲ್ಲಿ ನಾನು ಕಲಿತ ವಾದ

ನೈಜೀರಿಯಾದಲ್ಲಿ ಫುಟ್‌ಬಾಲ್ ಪಂದ್ಯ ನಡೆಯುವ ದಿನಕ್ಕಿಂತ ತಂಡದ ಪಟ್ಟಿ ಬರುವ ದಿನ ಗಲಾಟೆ ಜಾಸ್ತಿ. ದೇಶದ ತಂಡವಾದ ಸೂಪರ್ ಈಗಲ್ಸ್‌ನ ಕೋಚ್ ಹೆಸರುಗಳನ್ನು ಪ್ರಕಟಿಸಿದರೆ ಸಾಕು. ಯಾರಿದ್ದಾರೆ ಅನ್ನುವುದನ್ನು ಯಾರೂ ಓದುವುದಿಲ್ಲ, ಯಾರಿಲ್ಲ ಅನ್ನುವುದನ್ನೇ ಓದುತ್ತಾರೆ. ನಮ್ಮ ಕಾರ್ಖಾನೆಯ ಗೋದಾಮಿನಲ್ಲಿ ಅವತ್ತು ಲೋಡಿಂಗ್ ಅರ್ಧ ಗಂಟೆ ತಡವಾಗುತ್ತದೆ. ಅದು ಎಲ್ಲರಿಗೂ ಗೊತ್ತು, ಮ್ಯಾನೇಜರ್‌ಗೂ ಗೊತ್ತು.

ನಾನು ದಾವಣಗೆರೆ ಕಡೆಯವನು. ಲಾಗೋಸ್‌ನ ಇಲುಪೇಜುವಿನಲ್ಲಿ ಪ್ಯಾಕೇಜಿಂಗ್ ಕಂಪನಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಬರುವಾಗ ನನಗೆ ಗೊತ್ತಿದ್ದದ್ದು ಕ್ರಿಕೆಟ್ ಮಾತ್ರ. ಫುಟ್‌ಬಾಲ್ ಅಂದರೆ ನಾಲ್ಕು ವರ್ಷಕ್ಕೊಮ್ಮೆ ರಾತ್ರಿ ಎದ್ದು ಕೂತು ನೋಡುವ ಹಬ್ಬ. ಇಲ್ಲಿ ಹಾಗೆ ನಡೆಯಲಿಲ್ಲ. ಊಟದ ಹೊತ್ತಿಗೆ ಮಾತು ಶುರುವಾಯಿತೆಂದರೆ, ಗೊತ್ತಿಲ್ಲದವನು ಸುಮ್ನೆ ತಟ್ಟೆ ನೋಡಿಕೊಂಡು ಕೂರಬೇಕು.

ನನ್ನ ಪಾಠಶಾಲೆ ರಸ್ತೆ ಬದಿಯ ಪೇಪರ್ ಅಂಗಡಿ. ಬೆಳಿಗ್ಗೆ ಅಲ್ಲಿ ಹತ್ತಾರು ಜನ ನಿಂತಿರುತ್ತಾರೆ. ಕೊಳ್ಳುವವರು ಒಬ್ಬಿಬ್ಬರು. ಉಳಿದವರು ಹರಡಿಟ್ಟ ಪೇಪರ್‌ಗಳ ಮೊದಲ ಪುಟ ಓದಿ, ಅಲ್ಲೇ ನಿಂತು ವಾದ ಮಾಡುವವರು. ಇವರಿಗೆ ಊರಿಗೆಲ್ಲ ಗೊತ್ತಿರುವ ಹೆಸರು 'ಫ್ರೀ ರೀಡರ್ಸ್ ಅಸೋಸಿಯೇಷನ್'. ಅಧ್ಯಕ್ಷರಿಲ್ಲ, ಚಂದಾ ಇಲ್ಲ. ರಾಜಕೀಯ ಹತ್ತು ನಿಮಿಷ, ಆಮೇಲೆಲ್ಲ ಫುಟ್‌ಬಾಲ್. ಅಲ್ಲಿ ನಿಂತು ಕೇಳುತ್ತಾ ಕೇಳುತ್ತಾ ಒಂದು ವಿಷಯ ಕಾಣಿಸಿತು. ಎಲ್ಲರ ಬಾಯಲ್ಲೂ ಒಂದೇ ಮಾತು: 'ಕ್ಲಬ್‌ನಲ್ಲಿ ಇಷ್ಟು ಗೋಲು ಹೊಡೆದಿದ್ದಾನೆ, ದೇಶಕ್ಕೆ ಯಾಕೆ ಆಡಿಸಲ್ಲ?' ಅದಕ್ಕೆ ಉತ್ತರವೂ ಒಂದೇ: 'ಕ್ಲಬ್‌ನಲ್ಲಿ ಹೊಡೀತಾನೆ, ಇಲ್ಲಿ ಹೊಡೆಯಲ್ಲ.' ಎರಡೂ ನಿಜವೇ. ಆದರೆ ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ.

ನಾನು ಲೆಕ್ಕದ ಮನುಷ್ಯ. ಮೊತ್ತ ನೋಡಿ ಸುಮ್ಮನಾಗುವ ಅಭ್ಯಾಸ ನನಗಿಲ್ಲ, ಮೊತ್ತದ ಹಿಂದಿನ ಸಾಲುಗಳನ್ನು ನೋಡಬೇಕು. ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ಅಂತರರಾಷ್ಟ್ರೀಯ ಪಂದ್ಯಗಳ ಬಿಡುವು ಬರುವುದು ಮಾರ್ಚ್, ಜೂನ್, ಸೆಪ್ಟೆಂಬರ್-ಅಕ್ಟೋಬರ್, ನವೆಂಬರ್‌ನಲ್ಲಿ. ಅದಕ್ಕೆ ಕೆಲವು ವಾರ ಮೊದಲಿನಿಂದ ಆಟಗಾರರ ಬಗ್ಗೆ ಬರೆದುಕೊಳ್ಳುತ್ತೇನೆ. ಗೋಲು ಎಷ್ಟು ಅನ್ನುವುದು ಕೊನೆಯ ಕಾಲಂ. ಮೊದಲ ಕಾಲಂ, ಎಷ್ಟು ನಿಮಿಷ ಆಡಿದ. ಎರಡನೆಯದು, ಮೈದಾನದಲ್ಲಿ ಎಲ್ಲಿ ನಿಂತು ಆಡಿದ. ಮೂರನೆಯದು, ಅವನಿಗೆ ಚೆಂಡು ಕೊಟ್ಟವರು ಯಾರು, ಹೇಗೆ ಕೊಟ್ಟರು. ಈ ಮೂರನೇ ಕಾಲಂ ಬರೆಯಲು ಪಂದ್ಯ ನೋಡಲೇಬೇಕು. ಇಲ್ಲಿ ಅದಕ್ಕೆ ವ್ಯೂಯಿಂಗ್ ಸೆಂಟರ್‌ಗಳಿವೆ. ತಗಡಿನ ಶೆಡ್ಡು, ಬೆಂಚು, ಒಂದಷ್ಟು ಟಿವಿ, ಹೊರಗೆ ಗುಡುಗುಡು ಅನ್ನುವ ಜನರೇಟರ್. ಸ್ವಲ್ಪ ದುಡ್ಡು ಕೊಟ್ಟರೆ ಒಳಗೆ ಬಿಡುತ್ತಾರೆ. ಸೆಖೆ ಕೇಳಬೇಡಿ.

ಈ ಮೂರನೇ ಕಾಲಂನ ಬೆಲೆ ತಿಳಿಯಬೇಕಾದರೆ ಪಾಲ್ ಒನುವಾಚು ಕಥೆ ನೋಡಬೇಕು. ಆರಡಿ ಏಳಿಂಚಿನ ಸ್ಟ್ರೈಕರ್. ಬೆಲ್ಜಿಯಂನ ಗೆಂಕ್ ಕ್ಲಬ್‌ಗೆ 2020-21ರ ಲೀಗ್‌ನಲ್ಲಿ 33 ಗೋಲು ಹೊಡೆದ. ಲೀಗ್‌ನಲ್ಲಿ ಅವನದೇ ಅತಿ ಹೆಚ್ಚು. ಅಲ್ಲಿನ ವರ್ಷದ ಆಟಗಾರನಿಗೆ ಕೊಡುವ ಗೋಲ್ಡನ್ ಶೂ ಕೂಡ ಬಂತು. ಆದರೆ ನೈಜೀರಿಯಾದ ಹಸಿರು ಅಂಗಿಯಲ್ಲಿ ಅವನು ಹೆಚ್ಚಾಗಿ ಬೆಂಚಿನಲ್ಲಿ. ಆಗಿನ ಕೋಚ್ ಗೆರ್ನಾಟ್ ರೋರ್‌ಗೆ ಜನ ಕೊಟ್ಟ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಈಗ ಸಾಲುಗಳನ್ನು ನೋಡೋಣ. ಗೆಂಕ್‌ನಲ್ಲಿ ಬಲಗಡೆ ಜಪಾನಿನ ಜುನ್ಯಾ ಇಟೊ ಇದ್ದ. ಅಂಚಿನುದ್ದಕ್ಕೂ ಓಡಿ ಬಲಗಾಲಿನಿಂದ ಚೆಂಡನ್ನು ಗೋಲಿನ ಮುಂದಿನ ಪೆಟ್ಟಿಗೆಯೊಳಗೆ ತೇಲಿಬಿಡುವವನು. ಇಡೀ ತಂಡ ಒನುವಾಚುವಿನ ತಲೆಯನ್ನು ಹುಡುಕಿಕೊಂಡು ಆಡುತ್ತಿತ್ತು. ನೈಜೀರಿಯಾದಲ್ಲಿ ಬಲಗಡೆ ಯಾರು? ಸ್ಯಾಮ್ಯುಯೆಲ್ ಚುಕ್ವುಯೆಜೆ, ಎಡಗಾಲಿನವನು. ಅವನು ಒಳಗೆ ತಿರುಗಿ ತಾನೇ ಹೊಡೆಯುತ್ತಾನೆ. ಎಡಗಡೆ ಮೋಸೆಸ್ ಸೈಮನ್, ಬಲಗಾಲಿನವನು. ಅವನಿಗೂ ಒಳಗೆ ಬರುವ ಆಸೆಯೇ ಜಾಸ್ತಿ. ಮುಂದೆ ಬೇಕಾದದ್ದು ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಓಡುವವನು. ಅಂದರೆ ತಂಡದ ಮೊದಲ ಸ್ಟ್ರೈಕರ್ ವಿಕ್ಟರ್ ಒಸಿಮೆನ್. ಇಂಥ ತಂಡದ ನಡುವೆ ಒನುವಾಚು ನಿಂತರೆ ಅವನ ತಲೆಯ ಎತ್ತರಕ್ಕೆ ಚೆಂಡೇ ಬರುವುದಿಲ್ಲ.

ನಂಬದವರಿಗೆ ಮುಂದಿನ ಪುಟವನ್ನೂ ತೋರಿಸುತ್ತೇನೆ. 2023ರ ಆರಂಭದಲ್ಲಿ ಅವನು ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಹೋದ. ಕೆಳಗೆ ಜಾರುತ್ತಿದ್ದ ತಂಡ. ಆ ಅರ್ಧ ಸೀಸನ್‌ನಲ್ಲಿ ಲೀಗ್‌ನಲ್ಲಿ ಒಂದೂ ಗೋಲಿಲ್ಲ. ಅಲ್ಲಿಂದ ಟರ್ಕಿಯ ಟ್ರಾಬ್ಜೋನ್‌ಸ್ಪೋರ್‌ಗೆ ಎರವಲು ಆಟಗಾರನಾಗಿ ಹೋದ, ಮತ್ತೆ ಗೋಲಿನ ಮಳೆ. ಅದೇ ಮನುಷ್ಯ, ಅದೇ ಎತ್ತರ. ಹಾಗಂತ ರೋರ್ ಮಾಡಿದ್ದೆಲ್ಲ ಸರಿ ಅಂತಲ್ಲ. 2021ರ ಮಾರ್ಚ್‌ನಲ್ಲಿ ತಂಡ ಬೆನಿನ್ ಮೇಲೆ ಆಡಲು ಲಾಗೋಸ್‌ನಿಂದ ಪೋರ್ಟೊ-ನೋವೊಗೆ ದೋಣಿಯಲ್ಲಿ ಹೋಯಿತು. ನಿಜವಾಗಿಯೂ ದೋಣಿಯಲ್ಲೇ! ಆ ಪಂದ್ಯದ ಕೊನೆಯ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು 1-0ರಲ್ಲಿ ಗೆಲ್ಲಿಸಿದ್ದು ಇದೇ ಒನುವಾಚು. ಎದುರಾಳಿ ಪೂರ್ತಿ ಹಿಂದೆ ಸರಿದು ಕೂತು, ಬೇರೆ ದಾರಿಯೇ ಇಲ್ಲದೆ ಚೆಂಡನ್ನು ಮೇಲೆತ್ತಬೇಕಾದಾಗ ಇಂಥವನು ಬೇಕೇ ಬೇಕು. ಅವನಿಗೆ ಪಟ್ಟಿಯಲ್ಲಿ ಜಾಗವಿದೆ, ಮೊದಲ ಹನ್ನೊಂದರಲ್ಲಿ ಇಲ್ಲ. ನನ್ನ ವಾದ ಇಷ್ಟೇ. ಇದನ್ನು ಗೋದಾಮಿನಲ್ಲಿ ಹೇಳಿದಾಗ ಫೋರ್ಕ್‌ಲಿಫ್ಟ್ ಓಡಿಸುವ ಹುಡುಗ 'ಓಗಾ, ಯು ಟ್ರೈ' ಅಂದ. ಲಾಗೋಸ್‌ನಲ್ಲಿ ಅದು ದೊಡ್ಡ ಮೆಚ್ಚುಗೆ.

ಕನ್ನಡದವರಿಗೆ ಈ ಜಗಳ ಹೊಸದಲ್ಲ ಬಿಡಿ. 2016ರಲ್ಲಿ ಚೆನ್ನೈನಲ್ಲಿ ತ್ರಿಶತಕ ಹೊಡೆದ ಕರುಣ್ ನಾಯರ್ ಮುಂದಿನ ವರ್ಷವೇ ತಂಡದಿಂದ ಹೊರಗೆ ಬಿದ್ದು, ದೇಶಿ ಕ್ರಿಕೆಟ್‌ನಲ್ಲಿ ರನ್ ಗುಡ್ಡೆ ಹಾಕಿ 2025ರಲ್ಲಿ ವಾಪಸ್ ಬಂದಾಗ ನಾವೂ ಹೀಗೇ ಕಿತ್ತಾಡಿದ್ದೇವೆ. ಆದರೆ ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಒಬ್ಬನೇ ನಿಂತು ರನ್ ಮಾಡಬಹುದು. ಫುಟ್‌ಬಾಲ್ ಸ್ಟ್ರೈಕರ್‌ಗೆ ಆ ಭಾಗ್ಯವಿಲ್ಲ. ಕ್ರಿಕೆಟ್ ತಲೆ ಇಟ್ಟುಕೊಂಡು ಇಲ್ಲಿ ವಾದಕ್ಕಿಳಿದರೆ ಎಡವುವುದು ಇಲ್ಲೇ.

ಗೋಲ್‌ಕೀಪರ್ ವಿಷಯಕ್ಕೆ ಬಂದರೆ ನನ್ನ ಮೊದಲ ಕಾಲಂಗೆ ಬೆಲೆ ಬರುತ್ತದೆ. ಫ್ರಾನ್ಸಿಸ್ ಉಜೋಹೊ ಹೆಸರೆತ್ತಿದರೆ ಇವತ್ತಿಗೂ ಇಲ್ಲಿ ಹಲ್ಲು ಕಡಿಯುತ್ತಾರೆ. 2022ರ ಮಾರ್ಚ್, ಅಬುಜಾ. ಘಾನಾದ ಥಾಮಸ್ ಪಾರ್ಟಿ ದೂರದಿಂದ ಹೊಡೆದ ಚೆಂಡು ಅವನ ಕೆಳಗಿನಿಂದ ನುಸುಳಿತು. ಪಂದ್ಯ 1-1. ಎರಡು ಪಂದ್ಯ ಸೇರಿ ಸಮವಾದರೆ ಎದುರಾಳಿಯ ಊರಿನಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಅನ್ನುವ ನಿಯಮದಿಂದ ಘಾನಾ ಕತಾರ್ ವಿಶ್ವಕಪ್‌ಗೆ ಹೋಯಿತು, ನೈಜೀರಿಯಾ ಮನೆಯಲ್ಲಿ ಕೂತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಉಜೋಹೊ ಸೈಪ್ರಸ್‌ನ ಒಮೋನಿಯಾ ಪರವಾಗಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 12 ಸಲ ಗೋಲು ತಡೆದ. 90 ನಿಮಿಷ ಮುಗಿಯುವವರೆಗೂ ಯುನೈಟೆಡ್‌ಗೆ ಗೋಲು ಸಿಗಲಿಲ್ಲ. ಪೇಪರ್ ಅಂಗಡಿ ಎರಡು ಪಕ್ಷವಾಯಿತು. ಒಂದು ರಾತ್ರಿಯ ಆಟ ಫಾರ್ಮ್ ಅಲ್ಲ ಅಂತ ನಾನು ಹೇಳಿದೆ. ಮಾರ್ಚ್‌ನ ಆ ಒಂದು ರಾತ್ರಿಯೂ ಅಲ್ಲ. ಎರಡೂ ಪಕ್ಷದವರು ನನ್ನನ್ನು ಬೈದರು.

ಸ್ಟಾನ್ಲಿ ನ್ವಾಬಾಲಿ ಇದಕ್ಕೆ ಉಲ್ಟಾ. ದಕ್ಷಿಣ ಆಫ್ರಿಕಾದ ಚಿಪ್ಪಾ ಯುನೈಟೆಡ್ ಅನ್ನುವ ಸಣ್ಣ ಕ್ಲಬ್. ಯೂರೋಪಿನ ಹೆಸರಿಲ್ಲ, ಹೊಳಪಿಲ್ಲ. ಆದರೆ ಅಲ್ಲಿ ಅವನು ಖಾಯಂ ಕೀಪರ್ ಆಗಿದ್ದ, ವಾರವಾರವೂ 90 ನಿಮಿಷ. ಕೋಚ್ ಜೋಸೆ ಪೆಸೇರೊ 2024ರ ಆರಂಭದಲ್ಲಿ ಐವರಿ ಕೋಸ್ಟ್‌ನಲ್ಲಿ ನಡೆದ ಆಫ್ರಿಕಾ ಕಪ್‌ಗೆ ಅವನನ್ನು ನಿಲ್ಲಿಸಿದಾಗ ಇಲ್ಲಿ ಕೇಳಿಬಂದ ಮೊದಲ ಪ್ರಶ್ನೆ 'ಯಾರು ಇವನು?' ಅಂತ. ಮೊದಲ ಪಂದ್ಯದ ನಂತರ ಸತತ ನಾಲ್ಕು ಪಂದ್ಯ ಅವನು ಗೋಲು ಬಿಡಲಿಲ್ಲ. ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಮೇಲೆಯೇ ಎರಡು ಪೆನಾಲ್ಟಿ ತಡೆದ. ದೊಡ್ಡ ಕ್ಲಬ್‌ನ ಬೆಂಚಿಗಿಂತ ಸಣ್ಣ ಕ್ಲಬ್‌ನ ಮೈದಾನ ಮೇಲು ಅನ್ನುವ ಮಾತು ಸ್ಟ್ರೈಕರ್‌ಗಳ ವಿಷಯದಲ್ಲಿ ಅರ್ಧ ಸತ್ಯ. ಕೀಪರ್ ವಿಷಯದಲ್ಲಿ ಹೆಚ್ಚೂ ಕಡಿಮೆ ಪೂರ್ತಿ ಸತ್ಯ ಅಂತ ನನ್ನ ಅನಿಸಿಕೆ.

ಅದೇ ಟೂರ್ನಿಯಲ್ಲಿ ಅಲೆಕ್ಸ್ ಇವೋಬಿಗೆ ಆದದ್ದು ಅನ್ಯಾಯ. ಇಂಗ್ಲೆಂಡಿನ ಫುಲ್‌ಹ್ಯಾಮ್ ಕ್ಲಬ್‌ನಲ್ಲಿ ಅವನು ಅಂಚಿನಲ್ಲೋ ಸ್ಟ್ರೈಕರ್ ಹಿಂದೆಯೋ ಆಡುತ್ತಾನೆ. ಗೋಲಿಗೆ ಹತ್ತಿರ ಇರುತ್ತಾನೆ. ಈಕ್ವಟೋರಿಯಲ್ ಗಿನಿ ಜೊತೆ ಮೊದಲ ಪಂದ್ಯ 1-1 ಆದಮೇಲೆ ಪೆಸೇರೊ ಹಿಂದೆ ಮೂವರನ್ನು ನಿಲ್ಲಿಸಿದರು. ಮಧ್ಯದಲ್ಲಿ ಉಳಿದವರು ಇಬ್ಬರೇ, ಅವರಲ್ಲಿ ಒಬ್ಬ ಇವೋಬಿ. ಕೆಲಸ ಏನು? ರಕ್ಷಣೆಯವರ ಮುಂದೆ ನಿಂತು ಚೆಂಡು ತಗೊಂಡು ಮುಂದಕ್ಕೆ ದಾಟಿಸುವುದು. ಗೋಲು, ಗೋಲಿಗೆ ಕೊಡುವ ಪಾಸ್ (ಅಸಿಸ್ಟ್) ಎರಡೂ ಅವನ ಕೈಗೆಟುಕದಷ್ಟು ದೂರ. ಫೈನಲ್‌ನಲ್ಲಿ ಐವರಿ ಕೋಸ್ಟ್ 2-1ರಿಂದ ಗೆದ್ದಾಗ ಬೈಗುಳವೆಲ್ಲ ಬಿದ್ದದ್ದು ಅವನ ಮೇಲೆ. 'ಕ್ಲಬ್‌ನ ಇವೋಬಿ ಬೇರೆ, ನಮ್ಮ ಇವೋಬಿ ಬೇರೆ' ಅಂದರು. ಹೌದು, ಬೇರೆಯೇ. ಬೇರೆ ಕೆಲಸ ಕೊಟ್ಟು ಅದೇ ಫಲ ಕೇಳಿದರೆ ಹೇಗೆ? ನನ್ನ ಎರಡನೇ ಕಾಲಂ ಇರುವುದು ಇದಕ್ಕೇ.

ವಿಕ್ಟರ್ ಒಸಿಮೆನ್ ಕೂಡ ಆ ಟೂರ್ನಿಯಲ್ಲಿ ಹೊಡೆದದ್ದು ಒಂದೇ ಗೋಲು. ಇಟಲಿಯ ನಾಪೋಲಿಗೆ 2022-23ರಲ್ಲಿ ಲೀಗ್‌ನಲ್ಲೇ 26 ಗೋಲು ಹೊಡೆದು, ಕ್ಲಬ್ಬನ್ನು ಚಾಂಪಿಯನ್ ಮಾಡಿ, ಆಫ್ರಿಕಾದ ವರ್ಷದ ಆಟಗಾರನಾಗಿ ಬಂದಿದ್ದವನು. ಸಂಖ್ಯೆ ನೋಡಿದರೆ ಸೋಲು. ಕ್ಯಾಮರೂನ್ ಮೇಲಿನ ಪಂದ್ಯ ನೋಡಿ. ಎದುರಾಳಿ ಡಿಫೆಂಡರ್ ಕಾಲಿನಿಂದ ಚೆಂಡು ಕಿತ್ತು ಅಡೆಮೊಲಾ ಲುಕ್‌ಮನ್‌ಗೆ ಕೊಟ್ಟದ್ದು ಒಸಿಮೆನ್. ಗೋಲಿನ ಎದುರು ಬರೆದ ಹೆಸರು ಲುಕ್‌ಮನ್‌ದು. ಆ ಲುಕ್‌ಮನ್ ಅದೇ ವರ್ಷ ಮೇ ತಿಂಗಳಲ್ಲಿ ಡಬ್ಲಿನ್‌ನ ಯೂರೋಪಾ ಲೀಗ್ ಫೈನಲ್‌ನಲ್ಲಿ ಮೂರು ಗೋಲು ಹೊಡೆದು, ಸೀಸನ್ ಪೂರ್ತಿ ಸೋಲದೆ ಬಂದಿದ್ದ ಜರ್ಮನಿಯ ಲೆವರ್‌ಕುಸೆನ್‌ಗೆ ಸೋಲುಣಿಸಿದ. ಎದುರಿನ ಆ ತಂಡದಲ್ಲೂ ನೈಜೀರಿಯಾದ ಬೋನಿಫೇಸ್ ಇದ್ದ. ಮರುದಿನ ನಮ್ಮ ಗೋದಾಮಿನಲ್ಲಿ ಒಂದು ಡಬ್ಬವೂ ಜರುಗಲಿಲ್ಲ ಅಂದರೆ ನಂಬಿ.

ಸ್ಥಳೀಯ ಲೀಗ್‌ನವರನ್ನು ತಗೋಬೇಕು ಅನ್ನುವ ಪಕ್ಷವೂ ಇದೆ. ಅವರ ಬ್ರಹ್ಮಾಸ್ತ್ರ 2013ರ ಆಫ್ರಿಕಾ ಕಪ್. ಕೋಚ್ ಸ್ಟೀಫನ್ ಕೇಶಿ ಆ ವರ್ಷ ಒಡೆಮ್ವಿಂಗಿಯಂಥ ಪ್ರೀಮಿಯರ್ ಲೀಗ್ ಹೆಸರನ್ನು ಬಿಟ್ಟು ಊರ ಲೀಗ್‌ನ ಹುಡುಗರನ್ನು ಕರೆದೊಯ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಐವರಿ ಕೋಸ್ಟ್ ಮೇಲೆ, ಫೈನಲ್‌ನಲ್ಲಿ ಬುರ್ಕಿನಾ ಫಾಸೊ ಮೇಲೆ ಗೆಲುವಿನ ಗೋಲು ಹೊಡೆದದ್ದು ಅಂಥ ಒಬ್ಬ ಹುಡುಗ, ಸಂಡೇ ಎಂಬಾ. ಈ ಹೆಸರು ಬಂದರೆ ನಾನು ವಾದ ಮಾಡಲು ಹೋಗುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: ಕೇಶಿ ಆ ಹುಡುಗರನ್ನು ಎಷ್ಟು ದಿನ ಒಟ್ಟಿಗೆ ಇಟ್ಟುಕೊಂಡು ತಯಾರು ಮಾಡಿದ್ದರು? ಯೂರೋಪಿನಲ್ಲಿ ಆಡುವವರು ಭಾನುವಾರ ಪಂದ್ಯ ಮುಗಿಸಿ, ಸೋಮವಾರ ಮಂಗಳವಾರ ನೈಜೀರಿಯಾದ ಊಯೊ ಊರಿಗೆ ಬಂದಿಳಿದು, ವಾರದ ಕೊನೆಗೆ ಮತ್ತೆ ಮೈದಾನಕ್ಕೆ ಇಳಿಯಬೇಕು. ಕೋಚ್‌ಗೆ ಸಿಗುವುದು ಎರಡೋ ಮೂರೋ ಅಭ್ಯಾಸ. ಅಷ್ಟರಲ್ಲಿ ಹೊಸ ಆಟ ಕಲಿಸಲು ಆಗುವುದಿಲ್ಲ. ಅದಕ್ಕೇ ಕೋಚ್‌ಗಳು ಫಾರ್ಮ್ ಸ್ವಲ್ಪ ಕಡಿಮೆ ಇದ್ದರೂ ಹಳಬರನ್ನೇ ಕರೆಯುತ್ತಾರೆ. ಇದು ಪೇಪರ್ ಅಂಗಡಿಯಲ್ಲಿ ಯಾರಿಗೂ ಇಷ್ಟವಾಗದ ಮಾತು.

'ಏಜೆಂಟ್ ದುಡ್ಡು ಕೊಟ್ಟಿದ್ದಾನೆ' ಅನ್ನುವ ವಾದಕ್ಕೆ ಮಾತ್ರ ನಾನು ಇಳಿಯುವುದಿಲ್ಲ. ಅದು ಬಂದ ಕೂಡಲೇ ಚಹಾ ತರಲು ಎದ್ದು ಹೋಗುತ್ತೇನೆ.

ಈಗಿನ ಜಗಳ ಒಸಿಮೆನ್ ಇಲ್ಲದಾಗ ಯಾರು ಅನ್ನುವುದು. 2025ರ ನವೆಂಬರ್‌ನಲ್ಲಿ ಮೊರಾಕ್ಕೊದ ರಬಾತ್‌ನಲ್ಲಿ ಡಿಆರ್ ಕಾಂಗೋ ಎದುರು ವಿಶ್ವಕಪ್ ಅರ್ಹತೆಯ ಪ್ಲೇಆಫ್ ಫೈನಲ್ ನಡೆದಾಗ ಗಾಯಗೊಂಡ ಅವನು ಎರಡನೇ ಅರ್ಧಕ್ಕೆ ಬರಲೇ ಇಲ್ಲ. 1-1 ಆಗಿ, ಪೆನಾಲ್ಟಿಯಲ್ಲಿ ಸೋತು, 2026ರ ವಿಶ್ವಕಪ್ಪೂ ಕೈತಪ್ಪಿತು. ಮೂರು ದಿನ ಮೊದಲು ಗಬಾನ್ ಮೇಲೆ 4-1ರಲ್ಲಿ ಗೆದ್ದಾಗ ಎರಡು ಗೋಲು ಅವನದೇ ಆಗಿತ್ತು.

ಗೋದಾಮಿನಲ್ಲಿ ಅರ್ಧ ಜನ ಟೋಲು ಅರೊಕೊಡಾರೆ ಪಕ್ಷ, ಇನ್ನರ್ಧ ಸ್ಪೇನ್‌ನ ಸೆವಿಯಾ ಕ್ಲಬ್‌ನ ಅಕೋರ್ ಆಡಮ್ಸ್ ಪಕ್ಷ. ಟೋಲು 2024-25ರಲ್ಲಿ ಬೆಲ್ಜಿಯಂ ಲೀಗ್‌ನಲ್ಲಿ ಗೋಲಿನ ಸುರಿಮಳೆ ಸುರಿಸಿದವನು. ಯಾವ ಕ್ಲಬ್‌ಗೆ? ಅದೇ ಗೆಂಕ್. ಆಮೇಲೆ ಇಂಗ್ಲೆಂಡಿನ ವುಲ್ವ್ಸ್‌ಗೆ ಹೋದ. ಎತ್ತರವೂ ಸಾಕಷ್ಟಿದೆ. ಒನುವಾಚು ಪುಟದ ಪಕ್ಕದಲ್ಲೇ ಅವನಿಗೊಂದು ಪುಟ ಇಟ್ಟಿದ್ದೇನೆ. ಆದರೆ ಇವನನ್ನು ಅವನ ನಕಲು ಅಂತ ಬರೆದು ಮುಗಿಸಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಊಯೊದಲ್ಲಿ ರುವಾಂಡಾ ಮೇಲೆ 1-0ರ ಗೆಲುವಿನ ಗೋಲು ಇವನದು. ಅವತ್ತೂ ಒಸಿಮೆನ್ ಗಾಯವಾಗಿ ಹೊರಗೆ ಹೋಗಿದ್ದ. ಅಕೋರ್ ಜಾಸ್ತಿ ಓಡುತ್ತಾನೆ, ಒಸಿಮೆನ್ ಜೊತೆಗೂ ಆಡಬಲ್ಲ, ಹಾಗಾಗಿ ಆರಂಭಕ್ಕೆ ನನ್ನ ಓಟು ಅವನಿಗೆ. ಫೋರ್ಕ್‌ಲಿಫ್ಟ್ ಹುಡುಗ ಒಪ್ಪಿಲ್ಲ. ಟೋಲುವಿನ ಕಳೆದ ತಿಂಗಳ ನಿಮಿಷಗಳನ್ನು ಬರೆದು ತಾ ಅಂತ ಅವನಿಗೆ ಹೇಳಿದ್ದೇನೆ. ಈಗ ಅವನೂ ಒಂದು ನೋಟ್‌ಬುಕ್ ಕೊಂಡಿದ್ದಾನೆ, ಆದರೆ ಅದರಲ್ಲಿ ಗೋಲಿನ ಕಾಲಂ ಮೊದಲು ಬರುತ್ತದೆ.