ಸ್ಕ್ರೀನ್ ಶೇರಿಂಗ್ ಪೇಟೆಂಟ್ ತಿರಸ್ಕೃತವಾಯಿತಾ? ಅಪೀಲಿಗೆ ಮೊದಲು ಇಷ್ಟು ಮಾಡಿ

ಸರಸ್ವತಿಪುರಂನ ನನ್ನ ಟೇಬಲ್‌ಗೆ ಇಂಥ ಫೈಲ್ ಬಂದರೆ ಮೊದಲು ಕ್ಯಾಲೆಂಡರ್ ನೋಡುತ್ತೇನೆ. ಅಪೀಲಿಗೆ ಆದೇಶದ ದಿನದಿಂದ 3 ತಿಂಗಳು. ಇಂಥ ಅಪೀಲು ಕೇಳುತ್ತಿದ್ದ ಹಳೆಯ ಮೇಲ್ಮನವಿ ಮಂಡಳಿ 2021ರಲ್ಲೇ ಹೋಯಿತು, ಈಗ ಹೈಕೋರ್ಟೇ ಗತಿ.

ಆಮೇಲೆ ಪೆನ್ಸಿಲ್ ಹಿಡಿದು ಆದೇಶ ಓದಿ. ‘ಹೊಸದಲ್ಲ’ ಅಂದಿದ್ದಾರಾ, ಇಲ್ಲಾ ಬರೀ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ ಅನ್ನುವ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಹಿಡಿದು ‘ಬರೀ ಕಂಪ್ಯೂಟರ್ ಪ್ರೋಗ್ರಾಂ’ ಅಂದಿದ್ದಾರಾ? ಎರಡಕ್ಕೂ ಉತ್ತರ ಬೇರೆ.

ದೂರದ ಇಬ್ಬರು ಒಂದೇ ಪರದೆ ನೋಡೋದೇ ನಮ್ಮ ಆವಿಷ್ಕಾರ ಅಂತ ಮಾತ್ರ ವಾದಿಸಬೇಡಿ. 1968ರ ಡಿಸೆಂಬರ್ 9ರಂದು ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನೇ ಮಾಡಿ ತೋರಿಸಿದ್ದರು, ಮೌಸ್ ಸಮೇತ! ನಿಮ್ಮ ವಿಧಾನದಿಂದ ನೆಟ್‌ವರ್ಕ್ ಹೊರೆ ಹೇಗೆ ಇಳಿಯುತ್ತದೆ, ಅದನ್ನು ಹಿಡಿದುಕೊಳ್ಳಿ. ಆದರೆ ಆ ವಿವರ ಮೊದಲ ಅರ್ಜಿಯಲ್ಲೇ ಇರಬೇಕು. ಆಮೇಲೆ ಹೊಸದಾಗಿ ಸೇರಿಸುವಂತಿಲ್ಲ. ಒಂದ್ಸಲ ಸುಮ್ನೆ ‘ವೇಗ ಜಾಸ್ತಿ’ ಅಂತಷ್ಟೇ ಬರೆದು ನಾನೇ ಪೇಚಿಗೆ ಸಿಕ್ಕಿದ್ದೆ.